ಹನ್ನೆರಡು ಮಾರು ಹಗ್ಗ

ಟೆಂಪೋ ಮನೆಗೆ ಬಂದು ಹನ್ನೊಂದು ದಿನವಾಗಿತ್ತು. ಅಷ್ಟರಲ್ಲೇ ಗಂಗಾ ಅದನ್ನು ಏಳು ಸಲ ತೊಳೆದಿದ್ದಳು. ಅವಳ ಅಪ್ಪ ಮಲಕಾರಿ ಅದರ ಸುತ್ತ ಎಷ್ಟು ಸಲ ಸುತ್ತಿದ್ದನೋ, ದೇವರ ಗುಡಿ ಸುತ್ತಿದ್ದರೆ ಇಷ್ಟರಲ್ಲಿ ಪುಣ್ಯ ಬಂದಿರುತ್ತಿತ್ತು. ಗಾಡಿಯೇನು ಹೊಸದಲ್ಲ. ಅಕ್ಕೋಳದ ಬಾಬಾಸಾಹೇಬ ಇಪ್ಪತ್ತೆಂಟು ವರ್ಷ ದ್ರಾಕ್ಷಿ ಸಾಗಿಸಿ ಸಾಕಾಗಿ ಕೊಟ್ಟ ನೀಲಿ ಬಣ್ಣದ ಮೆಟಾಡೋರ್. ಎಡಬಾಗಿಲು ಒದ್ದರೆ ಮಾತ್ರ ತೆರೆಯುತ್ತಿತ್ತು. ಹಾರ್ನು ತನಗೆ ಮನಸ್ಸು ಬಂದಾಗ ಕೂಗುತ್ತಿತ್ತು. ಆದರೇನು! ತಲೆತಲಾಂತರದಿಂದ ಕುರಿಯ ಹಿಂದೆ ನಡೆದ ಮನೆತನದ ಅಂಗಳದಲ್ಲಿ ನಾಲ್ಕು ಗಾಲಿಯ ಗಾಡಿ ನಿಂತಿದೆಯೆಂದರೆ ಅದು ಸಣ್ಣ ಮಾತಲ್ಲ. ಚಿಕ್ಕೋಡಿಯಿಂದ ಮೂರು ಮೈಲಿ ದೂರದ ಆ ಹತ್ತು ಮನೆಗಳ ವಸ್ತಿಯಲ್ಲಿ ಎಲ್ಲರೂ ಒಮ್ಮೆಯಾದರೂ ಬಂದು ಅದರ ಬಾನೆಟ್ಟು ಮುಟ್ಟಿ ಹೋಗಿದ್ದರು.

ಪ್ರತಿವರ್ಷ ದೀಪಾವಳಿ ಕಳೆದ ಮೇಲೆ ಇವರ ಕುರಿಗಳು ಪಡುವಣಕ್ಕೆ ಹೊರಡುತ್ತವೆ. ಅಕ್ಕೋಳದಲ್ಲಿ ಬಾಬಾಸಾಹೇಬನ ಹೊಲದಲ್ಲಿ ಮೊದಲ ತಂಗು. ಅಲ್ಲಿ ಕುರಿ ಕೂಡಿಹಾಕಿ ಹೊಲಕ್ಕೆ ಗೊಬ್ಬರ ಮಾಡಿಕೊಟ್ಟು, ಆಮೇಲೆ ಕೊಗನೊಳ್ಳಿ ದಾಟಿ ಮಹಾರಾಷ್ಟ್ರದ ಕಬ್ಬಿನ ಸೀಮೆಗೆ ಇಳಿಯುವುದು. ಅಕ್ಕೋಳ ಮುಟ್ಟುವುದಕ್ಕೇ ಎರಡು ದಿನ ಬೇಕಾಗುತ್ತಿತ್ತು, ಏಕೆಂದರೆ ಎಳೆಮರಿಗಳು ನಡೆಯಲಾರವು. ಕುದುರೆಯ ಜೋಳಿಗೆಯಲ್ಲಿ ಹಿಡಿಸಿದಷ್ಟನ್ನು ಹಾಕಿ, ಉಳಿದವನ್ನು ಹೆಗಲ ಮೇಲೆ ಹೊತ್ತು, ನಡುನಡುವೆ ತಾಯಂದಿರಿಗೆ ಬಿಟ್ಟು ಹಾಲು ಕುಡಿಸಿಕೊಂಡು ಹೋಗಬೇಕು. ಈ ಸಲ ಆ ರಗಳೆಯೇ ಇಲ್ಲ. ಗಂಗಾಳ ಅಣ್ಣ ಬೀರದೇವ ದೊಡ್ಡ ಕುರಿಗಳನ್ನು ಹೊಡೆದುಕೊಂಡು ಕೋಳಿ ಕೂಗುವ ಮೊದಲೇ ಹೊರಟುಬಿಟ್ಟಿದ್ದ. ಮರಿಗಳಿಲ್ಲದ ಹಿಂಡು ಹೊತ್ತು ಮುಳುಗುವುದರೊಳಗೆ ಅಕ್ಕೋಳ ಸೇರುತ್ತದೆ. ಇಪ್ಪತ್ತೊಂದು ಮರಿಗಳು ಟೆಂಪೋದಲ್ಲಿ, ತಾಡಪತ್ರಿಯ ಕೆಳಗೆ ಬೆಚ್ಚಗೆ ಕೂತು, ಒಂದು ತಾಸಿನಲ್ಲಿ ಹೋಗಿ ತಾಯಂದಿರ ಕೆಚ್ಚಲಿಗೆ ಬಾಯಿ ಹಾಕುತ್ತವೆ. ಈ ಉಪಾಯವನ್ನು ಮಲಕಾರಿ ವಸ್ತಿಯಲ್ಲಿ ಕೇಳಿದವರಿಗೂ ಹೇಳಿದ್ದ, ಕೇಳದವರಿಗೂ ಹೇಳಿದ್ದ.

ನಲವತ್ತು ವರ್ಷ ಹಿಂಡಿನ ಮುಂದೆ ನಡೆದ ಈ ಮಲಕಾರಿಗೆ ಟೆಂಪೋ ಬಂದ ಮೂರನೇ ದಿನವೇ ಮೊಣಕಾಲು ನೋವು ಶುರುವಾಗಿತ್ತು. ಕುದುರೆ ಕಂಡರೆ ಕಾಲು ನೋವು ಅಂತ ಹೆಂಡತಿ ದುಂಡವ್ವ ಮುಖದ ಮೇಲೇ ಅಂದಳು. ಅವನು ಕೇಳಿಸಿಕೊಳ್ಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಅಕ್ಕೋಳಕ್ಕೆ ಹೋಗುವ ಕನಸಿನಲ್ಲಿ ಅವನಿಗೆ ಇನ್ನೊಬ್ಬರ ಮಾತು ಕಿವಿಗೆ ಬೀಳುತ್ತಲೇ ಇರಲಿಲ್ಲ.

ಆದರೆ ಆ ಸೀಟಿನ ಪಕ್ಕ, ಸ್ಟೇರಿಂಗಿನ ಮುಂದೆ ಯಾರು ಕೂರಬೇಕು? ಮನೆಯಲ್ಲಿ ಜಗಳ ಎದ್ದದ್ದೇ ಅಲ್ಲಿ. ಗಂಗಾಳಿಗೆ ಇಪ್ಪತ್ತಮೂರು. ಚಿಕ್ಕೋಡಿಯಲ್ಲಿ ಡ್ರೈವಿಂಗ್ ಕಲಿತು, ಮೊದಲ ಪರೀಕ್ಷೆಯಲ್ಲೇ ಪಾಸಾಗಿ ಲೈಸೆನ್ಸ್ ತಂದವಳು. ಅದೇ ಪರೀಕ್ಷೆಗೆ ಅವಳ ಹಿಂದೆಯೇ ಹೋದ ಬೀರದೇವ ಎರಡು ಸಲ ಕಂಬಕ್ಕೆ ಗುದ್ದಿ, ನನಗೆ ಕುರಿಯೇ ಸಾಕು ಅಂತ ಬಂದಿದ್ದ. ಹನ್ನೊಂದು ದಿನವೂ ಗಂಗಾ ಬಯಲಿನಲ್ಲಿ ಟೆಂಪೋ ಓಡಿಸಿ ತೋರಿಸಿದ್ದಳು. ಹಿಂದಕ್ಕೆ ಹೊಡೆದು ಹುಣಸೆಮರದ ಬುಡಕ್ಕೆ ಒಂದು ಗೇಣು ಬಿಟ್ಟು ನಿಲ್ಲಿಸಿದ್ದಳು. ಮಲಕಾರಿ ಎಲ್ಲ ನೋಡಿ, ಛಲೋ ಐತಿ ಅಂತ ತಲೆದೂಗಿ, ಪಕ್ಕದ ಹಳ್ಳಿಯ ಲಾರಿ ಡ್ರೈವರ್ ನಾಮದೇವನಿಗೆ ಫೋನು ಮಾಡಿ ನಾಲ್ಕು ಗಂಟೆಗೆ ಬಾ ಅಂದಿದ್ದ.

"ಹೆಣ್ಣಮಗಳು ಹೊಡದ್ರ ಗಾಡಿ ಉರಳತೈತೇನಪಾ?" ಅಂತ ಗಂಗಾ ಕೇಳಿದಳು.

"ಗಾಡಿ ಉರಳಿದ್ರ ಇನ್ನೊಂದ ತರೂಣು. ಒಳಗ ಮರಿ ಅದಾವ."

ಅವಳಿಗೆ ಸಿಟ್ಟಿಗಿಂತ ಅಳು ಜಾಸ್ತಿ ಬಂತು. ಆ ಮರಿಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾಯ ಹೊಟ್ಟೆಯಿಂದ ಕೈಯಾರೆ ಎಳೆದುಕೊಂಡವಳು ಅವಳೇ.

ಮಧ್ಯಾಹ್ನ ಎರಡಕ್ಕೆ ಮಲಕಾರಿ ತಾಡಪತ್ರಿ ಬಿಗಿಯಲು ನಿಂತ. ಬಾಬಾಸಾಹೇಬ ಗಾಡಿಯ ಜೊತೆಗೇ ಕೊಟ್ಟಿದ್ದ ನೂಲಿನ ಹಗ್ಗ ಅದು, ದ್ರಾಕ್ಷಿಯ ರಸ ಕುಡಿದು ಕುಡಿದು ಕಪ್ಪಾಗಿತ್ತು. ಒಂದು ಸಲ ಜಗ್ಗಿದ, ಫಟ್ ಅಂತ ಹರಿಯಿತು. ಉಳಿದದ್ದಾದರೂ ಗಟ್ಟಿ ಇರಬಹುದೆಂದು ಇನ್ನೊಮ್ಮೆ ಜಗ್ಗಿದ. ಅದೂ ಹರಿದು, ಮೂರು ತುಂಡು ಕೈಯಲ್ಲಿ ಹಿಡಿದುಕೊಂಡು ನೆಲದ ಮೇಲೆ ಕೂತುಬಿಟ್ಟ.

"ಇನ್ನೊಮ್ಮಿ ಜಗ್ಗರಿ, ನಾಕ ಆಗಲಿ," ಅಂದಳು ದುಂಡವ್ವ.

ಮನೆಯಲ್ಲಿ ಬೇರೆ ಹಗ್ಗವೇ ಇರಲಿಲ್ಲ. ಇದ್ದದ್ದೆಲ್ಲ ಹಿಂಡಿನ ಸುತ್ತ ಕಟ್ಟುವ ಹಟ್ಟಿಯ ಬಲೆಯೊಂದಿಗೆ ಬೆಳಿಗ್ಗೆಯೇ ಕುದುರೆಯ ಮೇಲೆ ಹೋಗಿತ್ತು. ಪಡುವಣದಲ್ಲಿ ಮೋಡ ಕಟ್ಟಿತ್ತು. ದೊಡ್ಡಿಯಲ್ಲಿ ಮರಿಗಳು ಒಂದು ಶುರು ಮಾಡಿದರೆ ಇಪ್ಪತ್ತೊಂದೂ ದನಿಗೂಡಿಸಿ ಕೂಗುತ್ತಿದ್ದವು. ಅವುಗಳಲ್ಲಿ ಮೂರು ಹುಟ್ಟಿ ನಾಲ್ಕೇ ದಿನವಾಗಿತ್ತು. ಇವತ್ತು ರಾತ್ರಿ ತಾಯಿಯ ಹಾಲು ಸಿಗದಿದ್ದರೆ ಆ ಮೂರು ನಾಳೆ ಬೆಳಗನ್ನು ಕಾಣುತ್ತವೋ ಇಲ್ಲವೋ, ಹೇಳುವುದು ಕಷ್ಟ. ಇದು ಆ ಮನೆಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಬೇಕಾದ ವಿಷಯವಾಗಿರಲಿಲ್ಲ.

"ಚಿಕ್ಕೋಡಿಗೆ ಹೋಗಿ ಹೊಸಾದು ತರೂಣು, ನಡಿ," ಅಂತ ಮಲಕಾರಿ ಎದ್ದ. ಎದ್ದ ರಭಸ ನೋಡಿದರೆ ಮೊಣಕಾಲು ನೋವು ಯಾವಾಗಲೋ ಓಡಿಹೋಗಿತ್ತು. "ಮೊದಲ ಎಷ್ಟ ಬೇಕು ಅಳೀಬೇಕು."

ಗಂಗಾ ಹೊಲಿಗೆಯ ಟೇಪು ತಂದು ಟೆಂಪೋದ ಮೇಲೆ ಹತ್ತಿದಳು. ಗಾಡಿಯ ಎರಡೂ ಪಕ್ಕಕ್ಕೆ ಏಳೇಳು ಕೊಂಡಿಗಳಿದ್ದವು. ಹಗ್ಗ ಈ ಕಡೆಯ ಕೊಂಡಿಯಿಂದ ತಾಡಪತ್ರಿಯ ಮೇಲೆ ಹಾದು ಆ ಕಡೆಯ ಕೊಂಡಿಗೆ ಹೋಗಬೇಕು. ಹೀಗೆ ಒಮ್ಮೆ ಹಾದರೆ ಒಂದು ಹಾಯಿ, ಅಂಥ ಏಳು ಹಾಯಿ ಬೇಕು. ಒಂದು ಹಾಯಿಗೆ ಮೂರೂವರೆ ಮೀಟರು ಅಂತ ಟೇಪು ಹೇಳಿತು. ಅವಳು ಅಲ್ಲೇ ಮೇಲೆ ನಿಂತು ಏಳರ ಮಗ್ಗಿ ಹೇಳಿಕೊಳ್ಳತೊಡಗಿದಳು.

ಕೆಳಗೆ ಮಲಕಾರಿ ತನ್ನ ದಾರಿಯಲ್ಲೇ ಹೊರಟಿದ್ದ. ಹರಿದ ಹಗ್ಗದ ಉದ್ದವೇ ಹೊಸ ಹಗ್ಗದ ಉದ್ದ, ಅದಕ್ಕೆ ಟೇಪು ಯಾಕೆ ಅನ್ನುವುದು ಅವನ ವಾದ. ಎರಡೂ ಕೈ ಚಾಚಿ, ಎದೆಯ ಮೇಲೆ ಹಗ್ಗ ಎಳೆದು ಮಾರು ಹಾಕತೊಡಗಿದ. ಈ ಸೀಮೆಯಲ್ಲಿ ಜೋಳ ಅಳೆಯಲಿ, ಹಗ್ಗ ಅಳೆಯಲಿ, ಮೊದಲನೆಯದಕ್ಕೆ ಒಂದು ಅನ್ನುವುದಿಲ್ಲ. ಲಾಭ ಅನ್ನುತ್ತಾರೆ. ಲಾಭದಿಂದ ಶುರುವಾದದ್ದು ಲಾಭವನ್ನೇ ತರಲಿ ಅಂತ. ಎರಡನೆಯದರಿಂದ ಎರಡು, ಮೂರು ಅಂತ ಮುಂದೆ ಹೋಗುತ್ತಾರೆ.

"ಲಾಭ... ಎರಡ... ಮೂರ... ನಾಕ... ಐದ." ಮೊದಲ ತುಂಡು ಮುಗಿಯಿತು. ಎರಡನೆಯದನ್ನು ಎತ್ತಿಕೊಂಡ. "ಲಾಭ... ಆರ... ಏಳ... ಎಂಟ... ಒಂಬತ್ತ." ಮೂರನೆಯದು ಸ್ವಲ್ಪ ಗಿಡ್ಡ. "ಲಾಭ... ಹತ್ತ... ಹನ್ನೊಂದ... ಹನ್ನೆರಡ. ಆತು! ಹನ್ನೆರಡ ಮಾರು!"

"ಅಪ್ಪಾ, ಇಪ್ಪತ್ತೈದ ಮೀಟರ್ ಬೇಕಾಗತೈತಿ," ಅಂತ ಗಂಗಾ ಮೇಲಿಂದ ಕೂಗಿದಳು. "ನಿನ್ನ ಹನ್ನೆರಡ ಮಾರಿಗಿ ಇಪ್ಪತ್ತೆರಡ ಮೀಟರೂ ಆಗೂದಿಲ್ಲ."

"ಆ ಟೇಪು ಕುಪ್ಪಸಾ ಅಳ್ಯಾಕ ಛಲೋ ಐತಿ. ಇದು ಹಗ್ಗ."

"ಕಡಿಮಿ ಬೀಳತೈತಿ ಅಂತೀನಿ!"

ಮಲಕಾರಿಗೆ ರೇಗಿತು. ಎಣಿಕೆಯ ವಿಷಯದಲ್ಲಿ ಅವನನ್ನು ಯಾರೂ ಕೆಣಕುತ್ತಿರಲಿಲ್ಲ. ಮುನ್ನೂರು ಕುರಿಗಳಲ್ಲಿ ಒಂದು ಹಿಂದೆ ಉಳಿದರೂ ಕಣ್ಣಾಡಿಸಿ ಹೇಳುವವನು ಅವನು. ಸೊಂಟದ ದಾರಕ್ಕೆ ಕಟ್ಟಿಕೊಂಡಿದ್ದ ಟೆಂಪೋದ ಕೀಲಿಯನ್ನು ಬಿಚ್ಚಿ ಎತ್ತಿ ಹಿಡಿದು ಪಣ ಕಟ್ಟಿದ.

"ಪೈಜ! ಹನ್ನೆರಡ ಮಾರು ಹಗ್ಗ ಕಡಿಮಿ ಬಿತ್ತು ಅಂದ್ರ ಈ ಕೀಲಿ ನಿಂದು. ನಾಮದೇವನ್ನ ಹೊಳ್ಳಿ ಕಳಸ್ತೀನಿ. ಸರಿ ಬಂತು ಅಂದ್ರ ಈ ವರ್ಷ ನೀ ಕೀಲಿ ಅನ್ನೂ ಮಾತ ಬಾಯಾಗ ತರಬಾರ್ದು. ಒಪ್ಪಿಗಿ ಐತಿ?"

"ಐತಿ!" ಅಂತ ಗಂಗಾ ಟೆಂಪೋದ ಮೇಲಿಂದಲೇ ಜಿಗಿದಳು.

"ಅಪ್ಪಾ ಮಗಳಿಗೆ ಇಬ್ಬರಿಗೂ ಹುಚ್ಚ ಹಿಡದೈತಿ," ಅಂತ ದುಂಡವ್ವ ಮರಿಗಳಿಗೆ ಹೇಳಿದಳು. "ಮೂರು ಹೊಡ್ಯಾಕ ಬಂತು. ಹೋಗಿ ಬರ್ರಿ ಲಗೂನ!"

ಇಬ್ಬರೂ ಮೊಪೆಡ್ ಹತ್ತಿ ಹೊರಟರು. ಗಂಗಾ ಹೊಡೆಯುತ್ತಿದ್ದಳು, ಮಲಕಾರಿ ಹಿಂದೆ ತಲೆಯ ಪಟಗ ಹಿಡಿದುಕೊಂಡು ಕೂತಿದ್ದ. ಮೊಪೆಡ್ ಹೊಡೆಯಲು ಮಗಳು ಆಗುತ್ತಾಳೆ, ಟೆಂಪೋ ಹೊಡೆಯಲು ಆಗುವುದಿಲ್ಲ. ಇದರ ನ್ಯಾಯವನ್ನು ಅವನನ್ನೇ ಕೇಳಬೇಕು. ಆದರೆ ಗಂಗಾ ಇವತ್ತು ನ್ಯಾಯ ಕೇಳುವ ಸ್ಥಿತಿಯಲ್ಲಿ ಇರಲಿಲ್ಲ. ಟೇಪು ಸುಳ್ಳು ಹೇಳುವುದಿಲ್ಲ. ಹಗ್ಗ ಕಡಿಮೆ ಬಿದ್ದೇ ಬೀಳುತ್ತದೆ, ಕೀಲಿ ತನ್ನದಾಗೇ ಆಗುತ್ತದೆ! ಚಿಕ್ಕೋಡಿ ಬರುವವರೆಗೂ ಅವಳು ಮನಸ್ಸಿನಲ್ಲೇ ಅಕ್ಕೋಳದ ರಸ್ತೆಯಲ್ಲಿ ಟೆಂಪೋ ಓಡಿಸಿ, ಎರಡು ಕಬ್ಬಿನ ಟ್ರ್ಯಾಕ್ಟರುಗಳನ್ನು ಹಿಂದೆ ಹಾಕಿಯೂ ಆಗಿತ್ತು.

ಅಣ್ಣಾಸಾಬ ಹಗ್ಗದ ವ್ಯಾಪಾರದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡ ಗಿಡ್ಡ ಆಸಾಮಿ. ಅವನ ಅಂಗಡಿಯಲ್ಲಿ ಮೇಲಿಂದ ಕೆಳಗಿನವರೆಗೆ ಹಗ್ಗವೇ ಹಗ್ಗ. ಇವರು ಹೋದಾಗ ಒಂದು ಬಾಗಿಲು ಆಗಲೇ ಹಾಕಿದ್ದ.

"ಲಗೂ ಮಾಡ್ರಿ ಪಾವಣ್ಯಾರ. ಅಂಗಡಿ ಬಂದ್ ಮಾಡಿ ರಾಯಬಾಗಕ್ಕ ಹೊಂಟೀನಿ, ಬೀಗರ ಮನ್ಯಾಗ ಕಾರ್ಯಾ ಐತಿ."

ಲಗೂ ಮಾಡುವುದು ಮಲಕಾರಿಯ ಜಾತಕದಲ್ಲಿ ಬರೆದಿರಲಿಲ್ಲ. ಹಗ್ಗ ಆರಿಸುವುದೆಂದರೆ ಅವನಿಗೆ ಟಗರು ಆರಿಸಿದಷ್ಟೇ ದೊಡ್ಡ ಕೆಲಸ. ಅಣ್ಣಾಸಾಬ ಮೊದಲು ಹಳದಿ ನೈಲಾನ್ ಹಗ್ಗ ಮುಂದಿಟ್ಟ. ಮಲಕಾರಿ ಅದರಲ್ಲಿ ಒಂದೇ ಕೈಯಿಂದ ಗಂಟು ಹಾಕಿ ಅಲ್ಲಾಡಿಸಿದ. ಗಂಟು ಜಾರಿ ತಾನೇ ಬಿಚ್ಚಿತು.

"ಇದು ನಮ್ಮ ಊರ ಪುಢಾರಿ ಇದ್ದಂಗ ಐತಿ. ಕಟ್ಟಿದಲ್ಲಿ ನಿಂದ್ರೂದಿಲ್ಲ. ಬ್ಯಾರೆ ತೋರಸ್ರಿ."

ತೆಂಗಿನ ನಾರಿನದು ಬಂತು. ಅದನ್ನು ತನ್ನ ಕುತ್ತಿಗೆಗೇ ಹಾಕಿಕೊಂಡು ತಿಕ್ಕಿ ನೋಡಿದ. ನನ್ನ ತೊಗಲೇ ಹೀಗೆ ಉರಿಯುವಾಗ ತಾಡಪತ್ರಿ ಎರಡು ದಿನದಲ್ಲಿ ತೂತು ಬೀಳುತ್ತದೆ ಅಂತ ಅದನ್ನೂ ಸರಿಸಿದ. ಬಿಳಿಯ ನೂಲಿನ ಹಗ್ಗ ಮೃದುವಾಗಿ, ಚೆಂದವಾಗಿ ಇತ್ತು. ಗಂಗಾಳಿಗೂ ಹಿಡಿಸಿತು. ಮಲಕಾರಿ ಅದರ ತುದಿಯನ್ನು ಗಡಿಗೆಯ ನೀರಿನಲ್ಲಿ ಅದ್ದಿ, ಗಂಟು ಹಾಕಿ, ಬಿಚ್ಚಲು ಹಲ್ಲು ಹಚ್ಚಬೇಕಾಯಿತು.

"ನೂಲು ನೀರ ಕುಡುದ್ರ ಬಿಗೀತೈತಿ," ಅಂತ ಮಗಳಿಗೆ ಪಾಠ ಹೇಳಿದ. "ಮಳ್ಯಾಗ ಗಂಟ ಬಿಚ್ಚೂದಿಲ್ಲ. ಒಳಗ ಮರಿ ಒದರತಾವ, ಹೊರಗ ನಾವ ಹಲ್ಲ ಮುರಕೋತ ನಿಂದ್ರೂದು. ಹಗ್ಗ ಕಟ್ಟಾಕ ಅಷ್ಟ ಅಲ್ಲ ತಂಗಿ, ಬಿಚ್ಚಾಕೂ ಬರಬೇಕು."

ಇದು ಗಂಗಾಳಿಗೆ ಹೊಳೆದಿರಲಿಲ್ಲ. ಟೇಪು ಉದ್ದ ಹೇಳುತ್ತದೆ, ಇಂಥದನ್ನು ಹೇಳುವುದಿಲ್ಲ. ಅಪ್ಪನ ಮೇಲೆ ಅವಳಿಗೆ ಒಮ್ಮೆಲೇ ಪ್ರೀತಿ ಉಕ್ಕಿಬಂತು, ಅದರ ಹಿಂದೆಯೇ ಈ ಮುದುಕ ಎಷ್ಟು ಹಟಮಾರಿ ಅಂತ ಸಿಟ್ಟೂ ಬಂತು.

ಕೊನೆಗೆ ಅಣ್ಣಾಸಾಬ ಮೂಲೆಯಿಂದ ಒಂದು ಸುರುಳಿ ಉರುಳಿಸಿಕೊಂಡು ಬಂದ. ಕಂದು ಬಣ್ಣ, ಮೂರು ಎಳೆಯ ಹುರಿ, ಮೈಮೇಲೆಲ್ಲ ಸಣ್ಣಗೆ ಕೂದಲು ಎದ್ದಂತೆ ಇತ್ತು. ಪ್ಲಾಸ್ಟಿಕ್ಕಿನ ಎಳೆಯೇ, ಆದರೆ ಜಾರುವುದಿಲ್ಲ, ನೀರನ್ನೂ ಕುಡಿಯುವುದಿಲ್ಲ ಅಂದ. ಮಲಕಾರಿ ಮೂಸಿದ, ಕುತ್ತಿಗೆಗೆ ತಿಕ್ಕಿದ, ನೀರಿನಲ್ಲಿ ಅದ್ದಿದ. ಕಡೆಗೆ ಕಣ್ಣು ಮುಚ್ಚಿ, ಕೈ ಬೆನ್ನ ಹಿಂದೆ ಇಟ್ಟುಕೊಂಡು ಗಂಟು ಹಾಕಿ ಬಿಚ್ಚಿದ. ಮುಖ ಅರಳಿತು.

"ಆಡಿನ ಕೂದಲದ ಹಗ್ಗ ಹಿಡದಂಗ ಆತು ನೋಡವ್ವಾ! ಇದ ನಮ್ಮದು! ಹನ್ನೆರಡ ಮಾರು ಕೊಡ್ರಿ. ನಿಮ್ಮ ಕೈ ಬ್ಯಾಡ ಸಾವ್ಕಾರ, ಗಿಡ್ಡ ಅದಾವ. ನಾನ ಅಳೀತೀನಿ." ಅಳೆಯುವ ಮೊದಲು ಪೈಜದ ಕಥೆಯನ್ನೂ ಅಣ್ಣಾಸಾಬನಿಗೆ ಊದಿದ. "ನನ್ನ ಮಗಳು ನನ್ನ ಎಣಿಕಿಗೆ ಅಡ್ಡ ನಿಂತಾಳ್ರಿ. ಇವತ್ತ ಗೊತ್ತಾಗತೈತಿ ಆಕಿಗೆ."

ಎದೆ ಉಬ್ಬಿಸಿ, ಕೈ ಚಾಚಿ ಶುರು ಮಾಡಿದ. "ಲಾಭ... ಎರಡ... ಮೂರ... ನಾಕ... ಐದ... ಆರ..."

ಗಂಗಾ ನೋಡುತ್ತ ನಿಂತಿದ್ದಳು. ಏಳು, ಎಂಟು, ಒಂಬತ್ತು. ಏನೋ ತಪ್ಪಿದೆ ಅನ್ನಿಸಿತು. ಇಲ್ಲಿ ಲಾಭ ಒಂದೇ ಸಲ ಬಂತು. ಮನೆಯಲ್ಲಿ ಎಷ್ಟು ಸಲ ಬಂದಿತ್ತು? ಟೆಂಪೋದ ಮೇಲೆ ನಿಂತು ಮಗ್ಗಿ ಹೇಳಿಕೊಳ್ಳುವಾಗ ಕೆಳಗಿನಿಂದ ಕೇಳಿದ ಅಪ್ಪನ ದನಿ ಈಗ ನೆನಪಾಯಿತು. ಮೂರು ತುಂಡು, ಮೂರು ಲಾಭ! ಪ್ರತಿ ತುಂಡಿಗೂ ಹೊಸದಾಗಿ ಲಾಭ ಅಂದು, ಆ ಮಾರನ್ನು ಲೆಕ್ಕಕ್ಕೇ ಹಿಡಿಯದೆ, ಹಿಂದಿನ ಸಂಖ್ಯೆಯಿಂದ ಮುಂದುವರಿಸಿದ್ದ. ಮೊದಲ ಲಾಭ ಎಣಿಕೆಗೆ ಸೇರಿತ್ತು, ಉಳಿದ ಎರಡು ಗಾಳಿಗೆ ಹೋಗಿದ್ದವು. ಹಳೆಯ ಹಗ್ಗ ಹದಿನಾಲ್ಕು ಮಾರು ಇತ್ತು.

ಅವಳಿಗೆ ಕುಣಿಯಬೇಕು ಅನ್ನಿಸಿತು. ಗೆದ್ದಾಗಿದೆ! ಬಾಯಿ ಮುಚ್ಚಿಕೊಂಡು ನಿಂತರೆ ಸಾಕು, ಹಗ್ಗ ಕಡಿಮೆ ಬೀಳುತ್ತದೆ, ಕೀಲಿ ಕೈಗೆ ಬರುತ್ತದೆ.

ಕೈಗೆ ಬರುತ್ತದೆ, ಆಮೇಲೆ? ಏಳನೆಯ ಹಾಯಿಗೆ ಹಗ್ಗ ಇರುವುದಿಲ್ಲ. ಏಳನೆಯದೆಂದರೆ ಗಾಡಿಯ ಹಿಂಬದಿ. ಅಲ್ಲಿ ತಾಡಪತ್ರಿ ಬಿಚ್ಚಿಕೊಂಡು ಪಟಪಟ ಹೊಡೆದರೆ ಮರಿಗಳು ಬೆದರಿ ಒಂದರ ಮೇಲೊಂದು ಬೀಳುತ್ತವೆ. ಮಳೆ ಬಂದರೆ ನೀರು ನೇರ ಒಳಗೆ. ಇನ್ನೆರಡು ಮಾರಿಗೆ ಓಡಿ ಬಂದರೆ ಅಣ್ಣಾಸಾಬ ರಾಯಬಾಗದಲ್ಲಿ ಊಟಕ್ಕೆ ಕೂತಿರುತ್ತಾನೆ. ನಾಲ್ಕು ದಿನದ ಆ ಮೂರು ಮರಿಗಳ ಮುಖ ಅವಳ ಕಣ್ಣ ಮುಂದೆ ಬಂತು.

ಹೇಳಿಬಿಡಲೇ? ಇಲ್ಲೇ, ಪೇಟೆಯ ನಡುವೆ, ನಿನ್ನ ಎಣಿಕೆ ತಪ್ಪಿದೆ ಅಂತ? ಹಿಂಡು ಎಣಿಸುವ ಗಂಡಸಿಗೆ ಅದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಹೇಳಿದರೂ ಅವನು ಒಪ್ಪುವವನೇ? ಮನೆಗೆ ಹೋಗಿ ಹಳೆಯ ತುಂಡು ತಂದು ತೋರಿಸು ಅಂತಾನೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

"ಹನ್ನೊಂದ... ಹನ್ನೆರಡ!" ಮಲಕಾರಿ ಹೆಬ್ಬೆರಳು ಒತ್ತಿ ಹಿಡಿದು ಗುರುತು ಮಾಡಿದ. "ಇಲ್ಲಿ ಕೊಯ್ರಿ. ಅಷ್ಟರಾಗ ನಾ ಎದರಗಡೆಯಿಂದ ಟೆಂಪೋ ಪೂಜಿಗೆ ಲಿಂಬಿಹಣ್ಣು, ಟೆಂಗು ತರತೀನಿ."

ಅವನು ರಸ್ತೆ ದಾಟಿದ. ಅಣ್ಣಾಸಾಬ ಕೊಯ್ಯುವ ಕತ್ತಿ ಎತ್ತಿದ. ಗಂಗಾ ಅವನ ಕೈ ಹಿಡಿದಳು.

"ಕಾಕಾ, ಇನ್ನ ಎರಡ ಮಾರು ಮುಂದ ಹೋಗಿ ಕೊಯ್ರಿ. ಗಂಟಿಗೆ ಒಂದ ಗೇಣು ಹೆಚ್ಚ ಇರ್ಲಿ. ನಮ್ಮ ಅಪ್ಪಗ ಹೇಳಬ್ಯಾಡ್ರಿ."

ಅಣ್ಣಾಸಾಬ ಅವಳನ್ನು ಕನ್ನಡಕದ ಮೇಲಿಂದ ನೋಡಿದ. "ಹುಚ್ಚ ಹುಡುಗಿ, ಹಗ್ಗ ಸರಿ ಬಂದ್ರ ನೀ ಪೈಜ ಸೋಲ್ತೀ. ಈಗ ನಿಮ್ಮ ಅಪ್ಪನ ಹೇಳಿದ್ನಲ್ಲ!"

"ಗೊತ್ತೈತ್ರಿ. ಮರಿ ಒದರಾಕತ್ತಾವ. ಕೊಯ್ರಿ ಲಗೂನ!"

ಅವಳೇ ಎಳೆದು, ಜೊತೆಗೆ ತಂದಿದ್ದ ಟೇಪಿನಿಂದ ಅಳೆದುಕೊಟ್ಟ ಜಾಗದಲ್ಲಿ ಅಣ್ಣಾಸಾಬ ಕೊಯ್ದು, ಸುರುಳಿ ಸುತ್ತಿ ಅವಳ ಹೆಗಲಿಗೆ ಹಾಕಿದ. ಮೇಲಿನ ಎರಡು ಮಾರು ನನ್ನ ಕಡೆಯಿಂದ ಮರಿಗಳಿಗೆ ಅಂದ. ಮಲಕಾರಿ ಬಂದಾಗ ಗಂಗಾ ಮೊಪೆಡ್ ಚಾಲೂ ಮಾಡಿಕೊಂಡು ಕೂತಿದ್ದಳು. ದಾರಿಯುದ್ದಕ್ಕೂ ಅವನು ಹಿಂದೆ ಕೂತು ಹೊಸ ಹಗ್ಗವನ್ನು ಕೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಹಾಡುತ್ತಿದ್ದ. ಅವಳು ಗಾಳಿಗೆ ಕಣ್ಣು ಒರೆಸಿಕೊಳ್ಳುತ್ತ ಗಾಡಿ ಹೊಡೆದಳು.

ಮನೆ ಮುಟ್ಟಿದಾಗ ಮೂರೂ ಮುಕ್ಕಾಲು. ಮೋಡ ತಲೆಯ ಮೇಲಕ್ಕೆ ಬಂದಿತ್ತು. ದುಂಡವ್ವ ಟೆಂಪೋದಲ್ಲಿ ಹುಲ್ಲು ಹಾಸಿ, ಮರಿಗಳನ್ನು ತುಂಬಿ, ಸೊಂಟಕ್ಕೆ ಸೆರಗು ಬಿಗಿದು ಕಾಯುತ್ತಿದ್ದಳು. ತಾಡಪತ್ರಿ ಹರವಿದರು. ದುಂಡವ್ವ ತೋಳಿಗೆ ಸುರುಳಿ ಸಿಕ್ಕಿಸಿಕೊಂಡು ಹಗ್ಗ ಬಿಡುತ್ತ ಹೋದಳು, ಮಲಕಾರಿ ಈ ಕಡೆಯಿಂದ ಎಸೆದ, ಗಂಗಾ ಆ ಕಡೆ ಕೊಂಡಿಗೆ ಹಾಕಿ ಜಗ್ಗಿ ಮರಳಿ ಎಸೆದಳು. ಒಂದು ಹಾಯಿ. ಎರಡು. ಮೂರು. ಮಲಕಾರಿಯ ಹುರುಪು ನೋಡಬೇಕಿತ್ತು! ಹಾಯಿಗೊಮ್ಮೆ ಹಗ್ಗವನ್ನು ಬೆರಳಿನಿಂದ ಮೀಟಿ ಅದರ ಸಪ್ಪಳ ಕೇಳುತ್ತಿದ್ದ. ನಾಲ್ಕು. ಐದು. ಆರು.

ಆರನೆಯದರ ಕೊನೆಯಲ್ಲಿ ಅವನ ಕೈ ನಿಂತಿತು.

ಒಂದು ಹಾಯಿಗೆ ಎರಡು ಮಾರು ಹಗ್ಗ ಅವನ ಕೈಯಿಂದಲೇ ಹೋಗಿತ್ತು. ಆರು ಹಾಯಿಗೆ ಹನ್ನೆರಡು. ಅಲ್ಲಿಗೆ ಹಗ್ಗ ತೀರಬೇಕು. ಅವನು ತಿರುಗಿ ಹೆಂಡತಿಯ ತೋಳು ನೋಡಿದ. ಅಲ್ಲಿ ಇನ್ನೂ ಒಂದು ಸುತ್ತು ತೂಗುತ್ತಿತ್ತು, ಒಂದು ಹಾಯಿಗೆ ಬೇಕಾದಷ್ಟೇ.

ಗಾಡಿಯ ಆಚೆ ಗಂಗಾ ತಲೆ ತಗ್ಗಿಸಿ ಕೊಂಡಿ ಹಿಡಿದು ನಿಂತಿದ್ದಳು. ಮಲಕಾರಿ ಅಂಗಳದ ಮೂಲೆಗೆ ಹೋಗಿ, ಹಳೆಯ ಹಗ್ಗದ ಮೂರು ತುಂಡುಗಳ ಮುಂದೆ ನಿಂತು, ತುಟಿ ಅಲ್ಲಾಡಿಸುತ್ತ ಬೆರಳು ಮಡಚಿದ. ಆಮೇಲೆ ಬಂದು ಏಳನೆಯ ಹಾಯಿ ಎಸೆದ. ಹಗ್ಗ ಕೊನೆಯ ಕೊಂಡಿ ಮುಟ್ಟಿ, ಗಂಟಿಗೆ ಒಂದು ಗೇಣು ಉಳಿಯಿತು.

"ಹೌದಲ್ಲ, ಸರಿ ಬಂತಲ್ಲ!" ಅಂತ ಏನೂ ತಿಳಿಯದ ದುಂಡವ್ವ ಚಪ್ಪಾಳೆ ತಟ್ಟಿದಳು. "ಗೆದ್ದ್ರಿ ಬಿಡ್ರಿ!"

ಅಷ್ಟರಲ್ಲಿ ಬೈಕಿನ ಸಪ್ಪಳವಾಯಿತು. ನಾಮದೇವ ಬಂದು, ತಲೆಗೆ ಕಟ್ಟಿದ ಟವೆಲ್ಲು ಬಿಚ್ಚಿ ಕೊಡವಿ, ಕೀಲಿಗೆ ಕೈ ಚಾಚಿದ. ಗಂಗಾ ದೊಡ್ಡಿಯ ಕಡೆ ಮುಖ ತಿರುಗಿಸಿಕೊಂಡಳು. ಇನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ.

"ಛಲೋ ಹೊತ್ತಿಗೆ ಬಂದಿ ನಾಮದೇವಾ," ಅನ್ನುವ ಅಪ್ಪನ ದನಿ ಕೇಳಿತು. "ಚಾ ಕುಡುದ ಹೋಗು. ನಮಗ ಡ್ರೈವರ್ ಸಿಕ್ಕಾಳ."

ಗಂಗಾ ತಿರುಗುವಷ್ಟರಲ್ಲಿ ಕೀಲಿ ಗಾಳಿಯಲ್ಲಿ ಹಾರಿ ಬಂದು ಅವಳ ಎದೆಗೆ ಬಡಿದು ಕೆಳಗೆ ಬಿತ್ತು. ಅವಳು ಅದನ್ನು ಹೆಕ್ಕಿಕೊಂಡು ಅಪ್ಪನ ಮುಖ ನೋಡಿದಳು. ಅವನು ಆಗಲೇ ಎಡಬಾಗಿಲು ಒದೆಯುತ್ತಿದ್ದ.

"ಹತ್ತ ಬೇ! ಏನ ನೋಡಾಕತ್ತಿ? ಮಳಿ ಬಂತು!"

ದುಂಡವ್ವನನ್ನು ನಡುವೆ ಕೂರಿಸಿಕೊಂಡು ಹೊರಟರು. ನಾಮದೇವ ಚಹಾ ಕುಡಿಯಲೂ ಮರೆತು ನಿಂತೇ ಇದ್ದ. ವಸ್ತಿಯವರೆಲ್ಲ ಹೊರಗೆ ಬಂದು ಕೂಗಿದರು, ಅವತ್ತು ಹಾರ್ನಿಗೂ ಮನಸ್ಸು ಬಂದಿತ್ತು. ಚಿಕ್ಕೋಡಿ ದಾಟುತ್ತಲೇ ಮಳೆ ಸುರಿಯಿತು. ಗಂಗಾ ಎರಡೂ ಕೈ ಬಿಗಿಹಿಡಿದು, ಕಣ್ಣು ರಸ್ತೆಯಿಂದ ಕೀಳದೆ ಹೊಡೆದಳು. ಕಬ್ಬಿನ ಟ್ರ್ಯಾಕ್ಟರು ಎದುರಾದಾಗ ನಿಧಾನ ಮಾಡಿದಳು, ಒಂದನ್ನೂ ಹಿಂದೆ ಹಾಕಲಿಲ್ಲ. ಮಲಕಾರಿ ಮಾತ್ರ ಕಿಟಕಿಯ ಪಕ್ಕ ಕೂತು ಟೆಂಪೋಗೇ ಹುರ್ರ್, ಹುರ್ರ್ ಅಂತ ಕುರಿಗೆ ಹೇಳಿದ ಹಾಗೆ ಹೇಳುತ್ತಿದ್ದ. ಒಂದು ಮೈಲಿಗೊಮ್ಮೆ ಕಿಟಕಿಯಿಂದ ತಲೆ ಹೊರಗೆ ಹಾಕಿ, ತೋಯಿಸಿಕೊಂಡು, ಹಗ್ಗ ನೋಡಿ ಬರುತ್ತಿದ್ದ.

"ಅಲುಗಿಲ್ಲ! ಒಂದ ಕೂದಲಷ್ಟು ಅಲುಗಿಲ್ಲ!"

ಪೈಜದ ವಿಷಯವನ್ನು ಅವನೂ ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ದುಂಡವ್ವ ಮಾತ್ರ ಒಮ್ಮೆ ಇವನ ಮುಖ, ಒಮ್ಮೆ ಅವಳ ಮುಖ ನೋಡುತ್ತ, ಗೆದ್ದವರು ಯಾರು ಸೋತವರು ಯಾರು ಅಂತ ತಿಳಿಯದೆ ಕೂತಿದ್ದಳು.

ಅಕ್ಕೋಳದ ಹೊಲ ಮುಟ್ಟಿದಾಗ ಮಳೆ ನಿಂತು ಬಿಸಿಲು ಓರೆಯಾಗಿ ಬಿದ್ದಿತ್ತು. ಹಿಂಡು ಆಗಲೇ ಬಂದು ನಿಂತಿತ್ತು. ಟೆಂಪೋದೊಳಗಿಂದ ಒಂದು ಮರಿ ಕೂಗಿದ್ದೇ ತಡ, ಹಾಲು ಕಟ್ಟಿದ ಕುರಿಗಳೆಲ್ಲ ಬೀರದೇವನನ್ನು ದಾಟಿ, ಬಲೆಯನ್ನು ನೂಕಿ ಗಾಡಿಯ ಕಡೆ ನುಗ್ಗಿದವು. ಮಲಕಾರಿ ಧುಮುಕಿ, ಒದ್ದೆ ಹಗ್ಗದ ಗಂಟನ್ನು ಒಂದೇ ಎಳೆತಕ್ಕೆ ಬಿಚ್ಚಿದ. ಮರಿಗಳನ್ನು ಒಂದೊಂದಾಗಿ ಇಳಿಸಿದರು. ಇಪ್ಪತ್ತೊಂದೂ ತೋಯದೆ ಒಣಗಿಯೇ ಇದ್ದವು, ಇಪ್ಪತ್ತೊಂದೂ ತಮ್ಮ ತಮ್ಮ ತಾಯಿಯನ್ನು ಹುಡುಕಿಕೊಂಡು ಓಡಿದವು. ನಾಲ್ಕು ದಿನದ ಮೂರು ಮರಿಗಳನ್ನು ಗಂಗಾ ತಾನೇ ಎತ್ತಿಕೊಂಡು ಹೋಗಿ ಬಿಟ್ಟಳು. ಅವು ಬಾಲ ಅಲ್ಲಾಡಿಸುತ್ತ ಹಾಲು ಕುಡಿಯತೊಡಗಿದಾಗ ಅವಳಿಗೆ ಇಡೀ ದಿನದ ದಣಿವು ಹೋಯಿತು.

ಹೊಲದ ಒಡೆಯ ಬಾಬಾಸಾಹೇಬ ಬದುವಿನ ಮೇಲೆ ನಿಂತು ನೋಡುತ್ತಿದ್ದ. ಜೊತೆಗೆ ಅವನ ಮನೆಯ ಆಳುಗಳು, ಊರಿನ ನಾಲ್ಕು ಜನ, ಬೀರದೇವ ಎಲ್ಲ ಇದ್ದರು.

"ಮಲಕಾರಿ, ನನ್ನ ಗಾಡಿ ಇಷ್ಟ ಛಲೋ ಓಡಿದ್ದು ನಾ ನೋಡಿದ್ದಿಲ್ಲ. ಡ್ರೈವರ್ ಯಾರು?"

ಮಲಕಾರಿ ಪಟಗ ತೆಗೆದು ಹಿಂಡಿ, ಮತ್ತೆ ಸುತ್ತಿಕೊಂಡ.

"ನನ್ನ ಮಗಳ್ರಿ. ಎಲ್ಲಾರೂ ಕೇಳ್ರಿ, ಸಾವ್ಕಾರ. ಇವತ್ತ ನಾ ಹಗ್ಗ ಎಣಸೂದರಾಗ ತಪ್ಪೇನಿ. ನಲವತ್ತ ವರ್ಷದಾಗ ಮೊದಲನೇ ಸಲ ನನ್ನ ಎಣಿಕಿ ತಪ್ಪೇತಿ. ಹದಿನಾಕ ಮಾರು ಇದ್ದದ್ದನ್ನ ಹನ್ನೆರಡ ಅಂದೆ. ಈಕಿಗೆ ಗೊತ್ತಾಗಿತ್ತು. ಸುಮ್ಮ ನಿಂತಿದ್ರ ಪೈಜ ಗೆದ್ದ ಕೀಲಿ ತಗೋತಿದ್ಲು. ಹಂಗ ಮಾಡ್ಲಿಲ್ಲ. ನನಗ ಗೊತ್ತಾಗಧಂಗ ಎರಡ ಮಾರು ಹೆಚ್ಚ ತಂದು, ಸೋತು, ಮರಿ ಉಳಿಸ್ಯಾಳ. ಮರಿ ಅದಾವ ಅಂತ ಈಕಿ ಕೈಯಾಗ ಗಾಡಿ ಕೊಟ್ಟಿದ್ದಿಲ್ಲ ನಾ. ಇನ್ನ ಮ್ಯಾಲ ಮರಿ ಇದ್ದ ಗಾಡಿ ಈಕಿ ಕೈ ಬಿಟ್ಟು ಇನ್ನೊಬ್ಬರ ಕೈಯಾಗ ಕೊಡೂದಿಲ್ಲ."

ಗಂಗಾ ಅಲ್ಲೇ ಕುರಿಗಳ ನಡುವೆ ಕೂತು, ಮುಖ ಮುಚ್ಚಿಕೊಂಡು ಜೋರಾಗಿ ಅತ್ತಳು. ಚಿಕ್ಕೋಡಿಯ ಅಂಗಡಿಯಲ್ಲಿ ತಡೆದುಕೊಂಡದ್ದೆಲ್ಲ ಒಟ್ಟಿಗೆ ಬಂತು. ದುಂಡವ್ವನಿಗೆ ಈಗ ಎಲ್ಲ ಅರ್ಥವಾಗಿ ಅವಳೂ ಸೆರಗಿನಿಂದ ಕಣ್ಣು ಒತ್ತಿಕೊಂಡಳು.

ಮಲಕಾರಿ ಬಂದು ಮಗಳ ತಲೆಯ ಮೇಲೆ ಒದ್ದೆ ಕೈ ಇಟ್ಟ.

"ಅಳಬ್ಯಾಡ ಏಳು. ಡ್ರೈವರ್ ಅಂದಮ್ಯಾಲ ಲಗೂ ಉಂಡು ಮಲಗಬೇಕು. ನಾಡಿದ್ದ ಕೊಗನೊಳ್ಳಿ ದಾಟೂದೈತಿ."